ಕಾದಂಬರಿಯಲ್ಲಿ ದುಡ್ಡು: ಅದು ಕೊಡುವ ಮಾತು, ತಪ್ಪುವ ಮಾತು

ಕಾದಂಬರಿಯೆಂದರೆ ಪ್ರಣಯ, ವಿರಹ, ಅತ್ತೆ ಸೊಸೆಯರ ಕದನ, ಕೊನೆಗೊಂದು ಮದುವೆ ಅಥವಾ ಮರಣ ಎಂಬ ತಿಳಿವಳಿಕೆ ನಮ್ಮಲ್ಲಿ ಅನೇಕರಿಗುಂಟು. ರಾತ್ರಿ ಹೊಟೇಲಿನ ಬಾಗಿಲಿಳಿಸಿ, ಮೇಜುಗಳನ್ನು ಒತ್ತಟ್ಟಿಗೆ ಸರಿಸಿ, ಹಾಸಿಗೆ ಬಿಡಿಸುವ ಮೊದಲು ನಾಲ್ಕು ಪುಟ ಓದುವ ನಮ್ಮ ಕೆಲಸಗಾರ ಬಂಧುಗಳೂ, ಲೊಣಾವಳೆಯ ಲೋಕಲ್ ಗಾಡಿಯಲ್ಲಿ ಕುಳಿತು ಪುಸ್ತಕ ತೆರೆಯುವ ಗುಮಾಸ್ತ ಮಿತ್ರರೂ ದುಡ್ಡಿನ ತಾಪತ್ರಯವನ್ನು ತುಸು ಹೊತ್ತು ಮರೆಯಬೇಕೆಂದೇ ಕಾದಂಬರಿಯನ್ನು ಕೈಗೆತ್ತಿಕೊಳ್ಳುತ್ತಾರೆ. ಸೋಜಿಗವೆಂದರೆ, ನಮ್ಮ ಭಾಷೆಯ ಅತ್ಯುತ್ತಮ ಕಾದಂಬರಿಗಳಲ್ಲಿ ಕೆಲವು ಅವರನ್ನು ಮರಳಿ ಆ ದುಡ್ಡಿನ ಎದುರಿಗೇ ತಂದು ನಿಲ್ಲಿಸುತ್ತವೆ. ಯಾರು ಯಾರನ್ನು ಪ್ರೀತಿಸಿದರೆಂಬುದಕ್ಕಿಂತ ಯಾರು ಎಷ್ಟು ಗಳಿಸಿದರು, ಯಾರ ಹೆಸರಿಗೆ ಬರೆದರು, ಯಾರು ಕಳೆದರು ಎಂಬ ಲೆಕ್ಕವೇ ಅವುಗಳಲ್ಲಿ ಕಥೆಯನ್ನು ಮುಂದಕ್ಕೆ ನೂಕುತ್ತದೆ.

ಇದು ಕನ್ನಡಕ್ಕಷ್ಟೇ ಸೇರಿದ ಸಂಗತಿಯಲ್ಲ. ಫ್ರೆಂಚ್ ಕಾದಂಬರಿಕಾರ ಬಾಲ್ಜಾಕನು 1835ರಲ್ಲಿ ಹೊರತಂದ ಕೃತಿಯೊಂದರಲ್ಲಿ, ಶ್ಯಾವಿಗೆಯ ವ್ಯಾಪಾರದಿಂದ ಹಣಗಾರನಾದ ಗೋರಿಯೊ ಎಂಬ ತಂದೆಯು ಇಬ್ಬರು ಹೆಣ್ಣುಮಕ್ಕಳಿಗೆ ಸರ್ವಸ್ವವನ್ನೂ ಧಾರೆಯೆರೆದು ಬಾಡಿಗೆಯ ಕೋಣೆಯಲ್ಲಿ ಅನಾಥನಂತೆ ಸಾಯುತ್ತಾನೆ. ಡಿಕನ್ಸನ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್'ನಲ್ಲಿ ಕಮ್ಮಾರಸಾಲೆಯ ಹುಡುಗನು ಯಾರೋ ಕಳುಹಿಸುವ ಹಣದಿಂದ ದೊಡ್ಡ ಮನುಷ್ಯನಾಗಿ, ತನ್ನನ್ನು ಸಾಕಿದ ಕಮ್ಮಾರ ಭಾವನನ್ನೇ ಕಂಡು ನಾಚುತ್ತಾನೆ; ಆ ಹಣ ಬರುತ್ತಿದ್ದುದು ಶಿಕ್ಷೆಗೊಳಗಾದ ಕೈದಿಯೊಬ್ಬನಿಂದ ಎಂಬುದು ಅವನಿಗೆ ತಡವಾಗಿ ತಿಳಿಯುತ್ತದೆ. ಒರಿಯಾ ಭಾಷೆಯಲ್ಲಿ ಫಕೀರಮೋಹನ ಸೇನಾಪತಿಯವರು 19ನೆಯ ಶತಮಾನದ ಕೊನೆಯಲ್ಲಿಯೇ ಬಡ್ಡಿ ವ್ಯವಹಾರದ ಜಮೀನುದಾರನೊಬ್ಬನು ನೇಕಾರ ದಂಪತಿಗಳ ತುಂಡು ಹೊಲವನ್ನು ನುಂಗಿದ ಕಥೆಯನ್ನು ಬರೆದರು. ಇವೆಲ್ಲವೂ ದೊಡ್ಡ ಕೃತಿಗಳೇ. ಆದರೆ ಘಟ್ಟದ ಕೆಳಗಿನಿಂದ ಹೊರಟು, ಮುಳಾ ಮುಠಾ ನದಿಗಳ ದಡದಲ್ಲಿ ಅನ್ನ ಕಂಡುಕೊಂಡ ನಮ್ಮಂಥವರಿಗೆ ಇವುಗಳಿಗಿಂತ ಹತ್ತಿರದ ಪುಸ್ತಕವೊಂದಿದೆ. ಅದು ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'.

ಕಾರಂತರು 1902ರಲ್ಲಿ ಕೋಟದಲ್ಲಿ ಹುಟ್ಟಿದವರು, 1997ರಲ್ಲಿ ತೀರಿಕೊಂಡರು. ಈ ಕಾದಂಬರಿ ಹೊರಬಂದುದು 1940ರ ದಶಕದ ಮೊದಲ ವರ್ಷಗಳಲ್ಲಿ. ಕೋಟದ ಸುತ್ತಿನ ಕಡಲಕರೆಯ ಒಂದು ಬ್ರಾಹ್ಮಣ ಮನೆತನದ ಮೂರು ತಲೆಮಾರುಗಳ ಕಥೆಯೆಂದು ಇದನ್ನು ಸಾಮಾನ್ಯವಾಗಿ ಪರಿಚಯಿಸುವ ವಾಡಿಕೆಯಿದೆ. ಅದು ಸರಿಯೇ. ಆದರೆ ನಮ್ಮ ಹೊಟೇಲು ಬಂಧುಗಳು ಇದನ್ನು ಇನ್ನೊಂದು ಬಗೆಯಿಂದಲೂ ಓದಬಹುದು. ಹೊಟೇಲಿನ ದುಡ್ಡು ಮೊದಲ ಸಲ ಕರಾವಳಿಯ ಹಳ್ಳಿಯೊಳಕ್ಕೆ ಕಾಲಿಟ್ಟಾಗ ಅಲ್ಲಿಯ ಮನಸ್ಸುಗಳಿಗೆ ಏನಾಯಿತೆಂಬುದರ ಇಷ್ಟು ನಿಷ್ಠುರವಾದ ದಾಖಲೆ ಕನ್ನಡದಲ್ಲಿ ಮತ್ತೊಂದಿದೆಯೇ ಎಂದು ನಮಗೆ ಸಂದೇಹ.

ಆ ಮನೆಯ ಹಿರಿಯರು ರಾಮ ಐತಾಳರು. ಪೌರೋಹಿತ್ಯ ಅವರ ವೃತ್ತಿ. ದಕ್ಷಿಣೆಯ ಕಾಸು, ಗದ್ದೆಯ ಭತ್ತ, ಇವೆರಡರಲ್ಲಿ ಸಂಸಾರ ಸಾಗಬೇಕು. ನೆರೆಯ ಶೀನ ಮಯ್ಯರ ಸ್ಥಿತಿಯೂ ಮೊದಲಿಗೆ ಇದಕ್ಕಿಂತ ಮೇಲೇನಲ್ಲ. ಆದರೆ ಮಯ್ಯರ ಮಕ್ಕಳು ಬೆಂಗಳೂರಿಗೆ ಹೋಗಿ ಹೊಟೇಲು ನಡೆಸತೊಡಗಿದ ಮೇಲೆ ಎರಡು ಮನೆಗಳ ನಡುವಿನ ಹಾದಿ ಏಕಾಏಕಿ ಉದ್ದವಾಗುತ್ತದೆ. ಅನ್ನವನ್ನು ಮಾರುವುದು ಹೀನ ಕೆಲಸವೆಂದು ಎಣಿಸುತ್ತಿದ್ದ ಕಾಲವದು. ಹೀನವೆಂದು ಹೇಳುವ ಬಾಯಿ ಒಂದು ಕಡೆ, ಆ ಹೀನ ಕೆಲಸದಿಂದ ಬಂದ ರೂಪಾಯಿಗಳನ್ನು ಎಣಿಸುವ ಕಣ್ಣು ಇನ್ನೊಂದು ಕಡೆ. ಐತಾಳರ ಮನಸ್ಸಿನಲ್ಲಿ ಮತ್ಸರ ಹೊಗೆಯಾಡುವ ಬಗೆಯನ್ನು ಕಾರಂತರು ತೋರಿಸುವಾಗ ನಮಗೆ ನಗುವೂ ಬರುತ್ತದೆ, ಹೊಟ್ಟೆಯೊಳಗೆ ಚುರುಕೂ ಎನ್ನುತ್ತದೆ. ಮಯ್ಯರ ಮನೆ ಮೇಲೆದ್ದರೆ ತಮ್ಮ ಮನೆಯೂ ಮೇಲೇಳಬೇಕು. ನಮ್ಮ ಊರುಗಳಲ್ಲಿ ಈ ಪೈಪೋಟಿಯನ್ನು ಕಾಣದವರು ಯಾರಿದ್ದಾರೆ? ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ, ಮುಳಿಹುಲ್ಲಿನ ಮಾಡು ಇಳಿದು ಹಂಚು ಏರಿತೇ ಇಲ್ಲವೇ ಎಂಬುದೇ ಕರಾವಳಿಯಲ್ಲಿ ಒಂದು ಮನೆತನದ ಮಾನದ ಅಳತೆಯಾಗಿತ್ತು. ಹಂಚಿನ ಜಾಗಕ್ಕೆ ಮುಂದೆ ತಾರಸಿ ಬಂತು, ಗ್ರಾನೈಟು ಬಂತು. ಅಳತೆ ಮಾತ್ರ ಉಳಿದುಕೊಂಡಿದೆ.

ದುಡ್ಡಿನ ಕಡೆಯಿಂದ ನೋಡಿದರೆ ಈ ಕಾದಂಬರಿಯ ಅತ್ಯಂತ ಮುಖ್ಯವಾದ ಪಾತ್ರಗಳು ಐತಾಳರೂ ಅಲ್ಲ, ಮಯ್ಯರೂ ಅಲ್ಲವೆಂದು ನಾವು ಹೇಳುತ್ತೇವೆ. ಐತಾಳರ ಹೆಂಡತಿ ಪಾರೋತಿ, ಅವರ ತಂಗಿ ಬಾಲವಿಧವೆ ಸರಸೋತಿ, ಇವರಿಬ್ಬರ ದುಡಿಮೆಯ ಮೇಲೆ ಆ ಮನೆ ನಿಂತಿದೆ. ಗದ್ದೆಯಲ್ಲಿ ಬಗ್ಗುವವರು ಅವರು. ಮಳೆಗಾಲದ ಕೆಂಪು ನೆರೆಯಲ್ಲಿ ತೇಲಿಬರುವ ಕಟ್ಟಿಗೆಯನ್ನು ಜೀವದ ಹಂಗು ತೊರೆದು ಹಿಡಿದು ತರುವವರೂ ಅವರೇ. ಸೌದೆಗೆ ಕೊಡಬೇಕಾಗಿದ್ದ ಕಾಸು ಹೀಗೆ ಉಳಿಯುತ್ತದೆ. ಉಳಿದ ಕಾಸು ಗಂಡಸಿನ ಗಳಿಕೆಯೆಂದು ಹೆಸರಾಗುತ್ತದೆ! ಅವರ ದುಡಿಮೆಗೆ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಮಕ್ಕಳಿಲ್ಲವೆಂದು ಐತಾಳರು ಸತ್ಯಭಾಮೆಯನ್ನು ಎರಡನೆಯ ಹೆಂಡತಿಯಾಗಿ ತಂದಾಗ ಆ ಲೆಕ್ಕದಲ್ಲಿ ಪಾರೋತಿಯ ಪಾಲು ಎಷ್ಟೆಂದು ಯಾರೂ ಕೇಳುವುದಿಲ್ಲ. ನಮ್ಮಲ್ಲಿ ಎಷ್ಟೋ ಮಂದಿ, ಪುಣೆಯಿಂದ ತಿಂಗಳು ತಿಂಗಳು ಮನಿಯಾರ್ಡರು ಕಳುಹಿಸಿ ಮನೆಯನ್ನು ತಾವೇ ನಡೆಸಿದೆವೆಂದು ನಂಬಿದವರು. ಆ ಹಣ ಮುಟ್ಟುವ ತನಕ ಹಟ್ಟಿಯ ದನ, ಗದ್ದೆಯ ನೇಜಿ, ಮುದಿ ಅತ್ತೆಯ ಕೆಮ್ಮು ಇವುಗಳನ್ನು ನೋಡಿಕೊಂಡ ಹೆಂಗಸಿಗೆ ಪಗಾರವೆಂದು ಯಾರೂ ಏನನ್ನೂ ಎಣಿಸಿಡಲಿಲ್ಲ. ಕಾರಂತರು ಇದನ್ನು ಭಾಷಣ ಮಾಡಿ ಹೇಳುವುದಿಲ್ಲ. ಆ ಇಬ್ಬರು ಹೆಂಗಸರನ್ನು ಮಳೆಯಲ್ಲಿ ನಿಲ್ಲಿಸುತ್ತಾರೆ, ಅಷ್ಟೇ.

ಇನ್ನು ಮಗನ ವಿಚಾರ. ಸತ್ಯಭಾಮೆಯ ಹೊಟ್ಟೆಯಲ್ಲಿ ಹುಟ್ಟಿದ ಲಚ್ಚನಿಗೆ ಇಂಗ್ಲಿಷ್ ಕಲಿಸಬೇಕು, ಅವನು ಹೊಟೇಲಿನ ಹುಡುಗರಂತೆ ತಟ್ಟೆ ಎತ್ತದೆ, ತಂದೆಯಂತೆ ದರ್ಭೆ ಹಿಡಿಯದೆ, ಗೌರವದ ಉದ್ಯೋಗದಲ್ಲಿ ಕೂರಬೇಕು ಎಂಬುದು ಐತಾಳರ ಆಸೆ. ಕಾಸಿಗೆ ಕಾಸು ಕೂಡಿಸಿಟ್ಟದ್ದು ಅದಕ್ಕಾಗಿಯೇ. ಲಚ್ಚನು ಓದಿನ ಜೊತೆಗೆ ದುಶ್ಚಟಗಳನ್ನೂ ಕಲಿತು, ಸಾಲ ಮಾಡಿ, ಸುಳ್ಳು ಹೇಳಿ, ನಾಗವೇಣಿಯಂಥ ಹೆಂಡತಿಯ ಬಾಳಿಗೂ ದೇಹಕ್ಕೂ ತನ್ನ ರೋಗವನ್ನು ತಂದಿಕ್ಕುತ್ತಾನೆ. ಕಣ್ಣು ತೆರೆದ ಮುದುಕ ಐತಾಳರು ಆಸ್ತಿಯನ್ನು ಮಗನಿಗೆ ಬಿಡದೆ ಸೊಸೆಯ ಹೆಸರಿಗೆ ಬರೆದಿಡುತ್ತಾರೆ. ಅದೂ ಉಳಿಯುವುದಿಲ್ಲ. ನಯವಾದ ಮಾತಿನಿಂದ ಬಂದು ನಿಂತ ಗಂಡನನ್ನು ನಂಬಿ ನಾಗವೇಣಿ ಮೋಸಹೋಗುತ್ತಾಳೆ.

ಇಲ್ಲಿ ವಾಚಕರು ತುಸು ನಿಂತು ನೋಡಬೇಕೆಂದು ನಮ್ಮ ವಿನಂತಿ. ಲಚ್ಚನು ಕೆಟ್ಟದ್ದು ಇಂಗ್ಲಿಷಿನಿಂದ ಎಂದೂ, ಪೇಟೆಯಿಂದ ಎಂದೂ ಹೇಳಿ ಮುಗಿಸುವವರುಂಟು. ನಮಗೆ ಹಾಗೆ ತೋರುವುದಿಲ್ಲ. ಐತಾಳರ ಮೊಮ್ಮಗ ರಾಮನೂ ಮದರಾಸಿನವರೆಗೆ ಹೋಗಿ ಓದುತ್ತಾನೆ. ಸ್ವಾತಂತ್ರ್ಯದ ಚಳವಳಿಗೆ ಇಳಿದು ಸೆರೆಮನೆ ಕಾಣುತ್ತಾನೆ. ಮುಂಬಯಿಯಲ್ಲಿ ಕೆಲಸಕ್ಕಾಗಿ ಅಲೆಯುತ್ತಾನೆ. ಅವನು ಕೆಡಲಿಲ್ಲ. ಲಚ್ಚನಿಗೆ ಸಿಕ್ಕ ಹಣದ ಹಿಂದೆ ಅವನ ಸ್ವಂತ ದುಡಿಮೆಯ ಒಂದು ದಿನವೂ ಇರಲಿಲ್ಲ. ರಾಮನು ತಾಯಿಯ ಕಷ್ಟವನ್ನು ಕಣ್ಣಾರೆ ಕಂಡು ಬೆಳೆದವನು. ದುಡ್ಡು ಐತಾಳರಿಗೆ ಕೊಟ್ಟ ಮಾತು ಇಷ್ಟು: ನೀನು ಬೆವರು ಸುರಿಸು, ನಿನ್ನ ಮಗನಿಗೆ ಬೆವರೇ ಬೇಡವಾಗುವಂತೆ ಮಾಡುತ್ತೇನೆ. ಅದು ಸುಳ್ಳಾಯಿತು.

ಈ ಮಾತನ್ನು ದುಡ್ಡು ಕೇವಲ ಐತಾಳರಿಗೆ ಕೊಟ್ಟಿಲ್ಲ. ನಮ್ಮ ಹೊಟೇಲುಗಳ ಒಲೆಯ ಮುಂದೆ, ಮೋರಿಯ ಬಳಿ, ಗಲ್ಲೆಯ ಹಿಂದೆ ನಿಂತ ಪ್ರತಿಯೊಬ್ಬ ತಂದೆಯ ಕಿವಿಯಲ್ಲೂ ಅದು ಇದನ್ನೇ ಪಿಸುಗುಟ್ಟಿದೆ. ನನ್ನ ಮಗ ಲೋಟ ತೊಳೆಯಬಾರದು. ಇದರಲ್ಲಿ ತಪ್ಪೇನೆಂದು ಕೇಳಿದರೆ ತಪ್ಪಿಲ್ಲವೆಂದೇ ಹೇಳಬೇಕು. ಲೋಟ ತೊಳೆದೂ ತೊಳೆದೂ ಬೆರಳ ಸಂದುಗಳು ಬೆಳ್ಳಗೆ ಬಿರಿದವನಿಗೆ, ಮಗನ ಕೈ ಹಾಗಾಗದಿರಲಿ ಎಂದು ಬಯಸುವ ಹಕ್ಕಿದೆ. ಲೋಟ ತೊಳೆಯದೆ ಇರುವುದಕ್ಕೂ ಯಾವ ಕೆಲಸವನ್ನೂ ಮಾಡದೆ ಇರುವುದಕ್ಕೂ ನಡುವಣ ಗೆರೆಯನ್ನು ದುಡ್ಡು ತಾನಾಗಿ ಎಳೆಯುವುದಿಲ್ಲವೆಂಬುದಷ್ಟೇ ಈ ಕಾದಂಬರಿಯಲ್ಲಿ ನಮಗೆ ಕಂಡದ್ದು.

ಮರಳಲು ಮಣ್ಣು ಯಾರಿಗಿತ್ತು?

ಕಾರಂತರ ಕಥೆಯ ಮುಕ್ತಾಯದ ಬಗ್ಗೆ ನಮಗೊಂದು ತಕರಾರುಂಟು. ಅಷ್ಟು ದೊಡ್ಡ ಲೇಖಕರೊಡನೆ ತಕರಾರೇ ಎಂದು ಯಾರಾದರೂ ಹುಬ್ಬೇರಿಸಿದರೆ ಏರಿಸಲಿ. ರಾಮನು ಪಟ್ಟಣಗಳನ್ನೆಲ್ಲ ನೋಡಿ ಬಂದು ಹುಟ್ಟೂರಿನ ಮಣ್ಣಿಗೆ ಮರಳುತ್ತಾನೆ. ಓದುವಾಗ ಎದೆ ತುಂಬಿ ಬರುತ್ತದೆ, ನಿಜ. ಆದರೆ ಅವನಿಗೆ ಮರಳಲು ಒಂದು ಮಣ್ಣಿತ್ತು. ನಮ್ಮ ಕರಾವಳಿಯಿಂದ ಮುಂಬಯಿ ಪುಣೆಗಳಿಗೆ ಬಂದ ಹುಡುಗರೆಲ್ಲರಿಗೂ ಅದಿತ್ತೇ? ಒಡೆಯನ ಗದ್ದೆಯನ್ನು ಚಾಲಗೇಣಿಗೆ ಉತ್ತು, ಬೆಳೆದುದರಲ್ಲಿ ಬಹುಪಾಲನ್ನು ಅಳೆದುಕೊಟ್ಟು, ಮಳೆ ಕೈಕೊಟ್ಟ ವರ್ಷ ಒಕ್ಕಲೆಬ್ಬಿಸುವ ಭಯದಲ್ಲಿ ಬದುಕಿದ ಮನೆಗಳಿಂದ ಬಂದವರು ಅನೇಕರು. ಗದ್ದೆಯೇ ಇಲ್ಲದ ಮನೆಗಳಿಂದ ಬಂದವರೂ ಇದ್ದರು. ಕರ್ನಾಟಕದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು, ಗೇಣಿಯ ಜಮೀನು ಉಳುವವನ ಹೆಸರಿಗೆ ಆಗುವ ದಾರಿ ತೆರೆಯುವ ತನಕ ಇವರಿಗೆ ಮಣ್ಣೆಂದರೆ ಪರರ ಮಣ್ಣು. ಅವರ ಪಾಲಿಗೆ ಹೊಟೇಲಿನ ಪಗಾರವು ಮೊತ್ತಮೊದಲ ಬಾರಿಗೆ ಯಾರ ಅಂಗಳದಲ್ಲೂ ಕೈಕಟ್ಟಿ ನಿಲ್ಲದೆ ಬಂದ ಹಣ. ಅದು ಸಣ್ಣದಿರಬಹುದು, ಶೇಟ್ ಒಮ್ಮೊಮ್ಮೆ ಹಿಡಿದಿಟ್ಟುಕೊಂಡಿರಬಹುದು. ಆದರೂ ಊರಿಗೆ ಹೋದಾಗ ಬಿಳಿ ಅಂಗಿ ತೊಟ್ಟು, ಚಪ್ಪಲಿ ಮೆಟ್ಟಿ, ಒಡೆಯನ ಮನೆಯ ಮುಂದೆ ತಲೆಯೆತ್ತಿ ನಡೆದವನಿಗೆ ದುಡ್ಡು ಕೊಟ್ಟ ಮಾತೆಲ್ಲವೂ ಸುಳ್ಳೆಂದು ಹೇಳುವ ಧೈರ್ಯ ನಮಗಿಲ್ಲ.

ಪುಣೆಯಲ್ಲೇ ಇದಕ್ಕೆ ಉದಾಹರಣೆಗಳಿವೆ. ಫರ್ಗ್ಯೂಸನ್ ಕಾಲೇಜು ರಸ್ತೆಯ ವೈಶಾಲಿ, ರೂಪಾಲಿಗಳ ಜಗನ್ನಾಥ ಶೆಟ್ಟರು ಬಾಲ್ಯದಲ್ಲಿ ಊರು ಬಿಟ್ಟು, ಹೊಟೇಲಿನ ಸಣ್ಣ ಕೆಲಸದಿಂದ ಮೇಲೆ ಬಂದವರು. 2023ರಲ್ಲಿ ಅವರು ತೀರಿಕೊಂಡಾಗ ಕನ್ನಡಿಗರಷ್ಟೇ ಮರಾಠಿಗರೂ ಮರುಗಿದರು. ಹಾಗೆ ಮೇಲೆ ಬಂದವರು ಕೆಲವರು, ಬಾರದವರು ಬಹಳ ಮಂದಿ ಎಂಬುದನ್ನೂ ಇಲ್ಲಿಯೇ ಸೇರಿಸಿ ಹೇಳಬೇಕು. ಗಲ್ಲೆಯ ಮೇಲೆ ಕುಳಿತವರ ಕಥೆ ಪತ್ರಿಕೆಯಲ್ಲಿ ಬರುತ್ತದೆ. ಐವತ್ತು ವರ್ಷ ದೋಸೆಯ ಕಲ್ಲಿನ ಮುಂದೆ ನಿಂತು ಮೊಣಕಾಲು ಹಿಡಿದುಕೊಂಡು ಊರಿಗೆ ಮರಳಿದ ಭಟ್ಟರ ಕಥೆ ಬರುವುದಿಲ್ಲ.

ಕಾರಂತರ ಐತಾಳರು ದಕ್ಷಿಣೆಯ ಕಾಸು ಕೂಡಿಡುತ್ತಿದ್ದ ಆ ಕರಾವಳಿಯಲ್ಲಿಯೇ ಬ್ಯಾಂಕುಗಳೂ ಹುಟ್ಟಿದವೆಂಬುದು ಗಮನಾರ್ಹ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಮುಂದೆ ಕಾರ್ಪೊರೇಶನ್ ಬ್ಯಾಂಕು ಎನಿಸಿಕೊಂಡ ಸಂಸ್ಥೆ, 1925ರಲ್ಲಿ ಉಡುಪಿಯಲ್ಲಿಯೇ ಮುಂದೆ ಸಿಂಡಿಕೇಟ್ ಬ್ಯಾಂಕು ಎನಿಸಿದ ಸಂಸ್ಥೆ, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕು. ಸಿಂಡಿಕೇಟಿನವರು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು. ಬ್ಯಾಂಕಿನವನೇ ಮನೆಬಾಗಿಲಿಗೆ ಬಂದು ಒಯ್ಯುತ್ತಿದ್ದ. ದುಡ್ಡಿನ ಮಾತನ್ನು ಸ್ವಲ್ಪವಾದರೂ ನಿಜಮಾಡಿದ ಏರ್ಪಾಡುಗಳಲ್ಲಿ ಇದು ಒಂದು. ಎರಡಾಣೆ ಎರಡಾಣೆಯಾಗಿ ಎಷ್ಟೋ ತಂಗಿಯರ ಮದುವೆಗಳು ನಡೆದವು. ಆ ಬ್ಯಾಂಕುಗಳಲ್ಲಿ ಇಂದು ಕೆನರಾದ ಹೆಸರೊಂದು ಉಳಿದಿದೆ. ವಿಜಯಾ ಬ್ಯಾಂಕು 2019ರಲ್ಲಿ, ಉಳಿದೆರಡು 2020ರಲ್ಲಿ ದೊಡ್ಡ ಬ್ಯಾಂಕುಗಳಲ್ಲಿ ಲೀನವಾದವು. ಪಾಸುಪುಸ್ತಕದ ಮೇಲಿನ ಹೆಸರು ಅಳಿಸಿದಾಗ ನಮ್ಮವರಲ್ಲಿ ಕೆಲವರು ಮನೆಯ ಹಿರಿಯರೊಬ್ಬರು ಹೋದಂತೆ ಖೇದಪಟ್ಟರು.

ಮಸಾಲೆ ಪೊಟ್ಟಣದ ಸಂಸಾರ

'ಮರಳಿ ಮಣ್ಣಿಗೆ' ಬಂದು ಸುಮಾರು ಎಪ್ಪತ್ತು ವರ್ಷಗಳ ಬಳಿಕ, 2013ರಲ್ಲಿ, ವಿವೇಕ ಶಾನಭಾಗರ 'ಘಾಚರ್ ಘೋಚರ್' ಪ್ರಕಟವಾಯಿತು. ಗಾತ್ರದಲ್ಲಿ ಬಲು ಚಿಕ್ಕದು. ಎರಡು ರಾತ್ರಿಗಳಲ್ಲಿ ಓದಿ ಮುಗಿಸಬಹುದು. ಶ್ರೀನಾಥ ಪೇರೂರರ ಇಂಗ್ಲಿಷ್ ಅನುವಾದ 2015ರಲ್ಲಿ ಬಂದ ಮೇಲೆ ಹೊರದೇಶಗಳಲ್ಲೂ ಇದಕ್ಕೆ ಓದುಗರು ದೊರೆತರು. ಐತಾಳರಿಗೆ ದುಡ್ಡು ಕೊಟ್ಟ ಮಾತು ಪೂರ್ತಿಯಾಗಿ ಈಡೇರಿಬಿಟ್ಟರೆ ಏನಾಗುತ್ತದೆಂಬುದನ್ನು ಇದು ಪರೀಕ್ಷಿಸಿದಂತೆ ನಮಗೆ ತೋರಿತು.

ಬೆಂಗಳೂರಿನ ಒಂದು ಇಕ್ಕಟ್ಟಾದ ಮನೆ. ಅಡಿಗೆಮನೆಯಲ್ಲಿ ಇರುವೆಗಳ ಕಾಟ. ತಂದೆ ಚಹಾಪುಡಿಯ ಮಾರಾಟಗಾರ. ಒಂದು ರಾತ್ರಿ ಅವರ ವಸೂಲಿಯ ಲೆಕ್ಕ ತಾಳೆಯಾಗದೆ ಹೋದಾಗ ಮನೆಮಂದಿಯೆಲ್ಲ ಕಂಗೆಡುವ ಸನ್ನಿವೇಶವೊಂದಿದೆ. ಲೆಕ್ಕದಲ್ಲಿ ಕೊರತೆ ಕಂಡಾಗ ಬೆನ್ನಹುರಿಯಲ್ಲಿ ಹರಿಯುವ ಚಳಿಯನ್ನು ಬಲ್ಲ ನಮ್ಮ ಗುಮಾಸ್ತ ಮಿತ್ರರು ಆ ಪುಟಗಳನ್ನು ಮರೆಯಲಾರರು. ಅಷ್ಟು ಬಡತನದಲ್ಲೂ ಮನೆಯವರೆಲ್ಲರಿಗೂ ಒಂದೇ ಭಯ, ಒಂದೇ ನಿಟ್ಟುಸಿರು. ಮುಂದೆ ತಂದೆಯ ನಿವೃತ್ತಿಯ ಇಡುಗಂಟಿನಿಂದ ಚಿಕ್ಕಪ್ಪ 'ಸೋನಾ ಮಸಾಲೆ' ಎಂಬ ವ್ಯಾಪಾರ ತೆರೆಯುತ್ತಾನೆ. ಸಾಂಬಾರ ಪದಾರ್ಥಗಳನ್ನು ಸಗಟಾಗಿ ತರಿಸಿ, ಸಣ್ಣ ಪೊಟ್ಟಣ ಕಟ್ಟಿ ಮಾರುವುದು, ಅಷ್ಟೇ. ಹಣ ಬರುತ್ತದೆ, ದೊಡ್ಡ ಮನೆ ಬರುತ್ತದೆ. ಹಣ ತರುವ ಚಿಕ್ಕಪ್ಪನಿಗೆ ಮೊದಲ ಚಹಾ, ಮೊದಲ ದೋಸೆ. ಅವನಿಗೆ ಅಡ್ಡಿಯಾಗುವವರು ಯಾರೇ ಇರಲಿ, ಮನೆಯ ಹೆಂಗಸರೇ ಅವರನ್ನು ಓಡಿಸುತ್ತಾರೆ. ಅವನನ್ನು ಅರಸಿಕೊಂಡು ಪಲ್ಯದ ಡಬ್ಬಿ ಹಿಡಿದು ಬಂದ ಹೆಂಗಸೊಬ್ಬಳನ್ನು ಬಾಗಿಲಲ್ಲೇ ಅವಮಾನಿಸಿ ಅಟ್ಟುವ ಪ್ರಸಂಗ ಓದಿದ ಮೇಲೆ ನಮಗೆ ಆ ದಿನ ಊಟ ರುಚಿಸಲಿಲ್ಲ. ವ್ಯಾಪಾರದಲ್ಲಿ ಅರ್ಧ ಪಾಲಿನ ತಂದೆಯನ್ನು ಎಲ್ಲರೂ ಜೋಪಾನ ಮಾಡುತ್ತಾರೆ. ಅದು ಪ್ರೀತಿಗಾಗಿ ಅಲ್ಲ, ಮರಣಪತ್ರದಲ್ಲಿ ಏನು ಬರೆದಾರೋ ಎಂಬ ಅಂಜಿಕೆಗಾಗಿ.

ಕಥೆ ಹೇಳುವ ಮಗನಿಗೆ ಕೆಲಸವಿಲ್ಲ. ಹೆಸರಿಗೆ ಆತ ಕಂಪನಿಯ ಡೈರೆಕ್ಟರು. ತಿಂಗಳು ತಿಂಗಳು ಪಗಾರ ಬರುತ್ತದೆ. ದಿನವಿಡೀ ಕಾಫಿ ಹೌಸಿನಲ್ಲಿ ಕೂರುತ್ತಾನೆ. ಅವನನ್ನು ಮದುವೆಯಾಗಿ ಬಂದ ಅನಿತಾ ಹೈದರಾಬಾದಿನ ಉಪಾಧ್ಯಾಯರೊಬ್ಬರ ಮಗಳು. ಗಂಡನು ತಾನೇ ದುಡಿದು ತಂದ ಹಣ ಬೇಕೆಂದು ಆಕೆ ಪಟ್ಟು ಹಿಡಿದಾಗ ಆ ಶ್ರೀಮಂತ ಮನೆಯಲ್ಲಿ ಅವಳಿಗೆ ಕೊಡಲು ಅವನ ಬಳಿ ಏನೂ ಇಲ್ಲ. ಐತಾಳರು ಲಚ್ಚನಿಗೆ ಬಯಸಿದ್ದು ಇದನ್ನೇ ಅಲ್ಲವೇ? ಬೆವರಿಲ್ಲದ ಕುರ್ಚಿ, ನಿಯಮಿತವಾದ ಆದಾಯ, ಮೇಲಕ್ಕೆದ್ದ ಮನೆ. ಇಲ್ಲಿ ಮಗನು ಕುಡಿದು ಕೆಡಲಿಲ್ಲ, ಸಾಲ ಮಾಡಿ ಹಾಳಾಗಲಿಲ್ಲ. ಏನೂ ಆಗಲೇ ಇಲ್ಲ. ಅದೇ ಅವನ ಕೇಡು. ಕೊನೆಗೆ ಅನಿತಾ ಏನಾದಳೆಂಬುದನ್ನು ಶಾನಭಾಗರು ಬಿಡಿಸಿ ಹೇಳುವುದಿಲ್ಲ. ಪುಸ್ತಕ ಮುಚ್ಚಿದ ಮೇಲೆ ವಾಚಕನಿಗೆ ನಿದ್ದೆ ಬಾರದಿದ್ದರೆ ಅದಕ್ಕೆ ನಾವು ಹೊಣೆಯಲ್ಲ. ಅಂದ ಹಾಗೆ, ಶೀರ್ಷಿಕೆಯ ಮಾತಿಗೆ ನಿಘಂಟಿನಲ್ಲಿ ಅರ್ಥ ಹುಡುಕಬೇಡಿ. ಬಿಡಿಸಲಾಗದಂತೆ ಗೋಜಲಾದುದಕ್ಕೆ ಅನಿತಾ ಬಾಲ್ಯದಲ್ಲಿ ಆಡುತ್ತಿದ್ದ ಮನೆಮಾತು ಅದು.

ಈ ಪುಸ್ತಕವನ್ನು ನಮ್ಮ ಹೊಟೇಲು ಬಂಧುಗಳಿಗೆ ಶಿಫಾರಸು ಮಾಡಲು ಇನ್ನೊಂದು ಕಾರಣವಿದೆ. ಅದರಲ್ಲಿ ವಿನ್ಸೆಂಟ್ ಎಂಬೊಬ್ಬ ಮಾಣಿಯಿದ್ದಾನೆ. ಕಾಫಿ ಹೌಸಿನ ಸಮವಸ್ತ್ರ ತೊಟ್ಟು, ಹೆಚ್ಚು ಮಾತನಾಡದೆ ಕಾಫಿ ತಂದಿಡುವ ಆತನನ್ನು ಕಥಾನಾಯಕನು ಸರ್ವಜ್ಞನೆಂದೇ ನಂಬಿ, ಅವನ ಒಂದೊಂದು ಮಾತಿನಲ್ಲೂ ಗೂಢಾರ್ಥ ಹುಡುಕುತ್ತಾನೆ. ಗಿರಾಕಿಯ ಮುಖ ನೋಡಿದೊಡನೆ ಅವನ ಮನೆಯಲ್ಲಿ ಜಗಳವಾಗಿದೆಯೋ ಇಲ್ಲವೋ ಎಂದು ತಿಳಿಯಬಲ್ಲ ನಮ್ಮ ಮಾಣಿಗಳಿಗೆ ವಿನ್ಸೆಂಟನ ಜಾಣ್ಮೆ ಹೊಸದಾಗಿ ತೋರಲಾರದು. ಹಣವನ್ನೇ ಕುರಿತ ಈ ಕಥೆಯಲ್ಲಿ ವಿನ್ಸೆಂಟನ ಸಂಸಾರದ ಲೆಕ್ಕ ಮಾತ್ರ ನಮಗೆ ಸಿಗುವುದಿಲ್ಲ. ಅವನು ದಿನಕ್ಕೆಷ್ಟು ತಾಸು ನಿಲ್ಲುತ್ತಾನೆ, ಎಲ್ಲಿ ಮಲಗುತ್ತಾನೆ, ಅವನ ಮಗ ಯಾವ ಶಾಲೆಗೆ ಹೋಗುತ್ತಾನೆ, ತಿಂಗಳ ಕೊನೆಯ ವಾರದಲ್ಲಿ ಅವನು ಯಾರ ಬಳಿ ಕೈಗಡ ಕೇಳುತ್ತಾನೆ? ಕಾಫಿ ಕುಡಿಯುವವನ ಕಡೆಯಿಂದ ಬರೆದ ಕಥೆಯಲ್ಲಿ ಇದು ಇರಬೇಕೆಂದು ಕೇಳುವುದು ನ್ಯಾಯವಲ್ಲ. ಕಾಫಿ ತಂದಿಡುವವನ ಕಡೆಯಿಂದ ಯಾರಾದರೂ ಬರೆದಿಟ್ಟಿದ್ದರೆ, ಅದು ನೋಟುಬುಕ್ಕಿನ ಹಾಳೆಯಲ್ಲಿದ್ದರೂ ಸರಿಯೇ, ನಾವು ಓದಲು ಸಿದ್ಧರಿದ್ದೇವೆ.